ಕಣ್ಣು ಕಾಣದವರು ಹಾಡು, ತಬಲಾ, ಹಾರ್ಮೋನಿಯಂ ಮೂರನ್ನೂ ಒಬ್ಬರೇ ರೆಕಾರ್ಡ್ ಮಾಡುವುದು ಹೇಗೆ

ಗದುಗಿನ ಕಡೆ ಸಂಗೀತ ಕಲಿತವರು ಒಂದೇ ವಾದ್ಯಕ್ಕೆ ನಿಲ್ಲುವುದು ಕಡಿಮೆ. ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು ಹಾಡುತ್ತಿದ್ದರು, ಹಾರ್ಮೋನಿಯಂ, ತಬಲಾ, ಪಿಟೀಲು ಎಲ್ಲಾ ನುಡಿಸುತ್ತಿದ್ದರು. ನಾನು ಆ ಎತ್ತರದವನಲ್ಲ ಬಿಡಿ, ಆದರೆ ಮೂರೂ ಅಷ್ಟಿಷ್ಟು ಬರುತ್ತವೆ. ಕಣ್ಣು ಕಾಣುವುದಿಲ್ಲ. ಧಾರವಾಡದಲ್ಲಿ ಒಂದು ಬಾಡಿಗೆ ಕೋಣೆ, ಅಂಗೈ ಅಗಲದ ಒಂದು ರೆಕಾರ್ಡರ್, ಇಷ್ಟರಲ್ಲೇ ಒಂದು ವಚನವನ್ನು ಮೂರು ಟ್ರ್ಯಾಕ್‌ನಲ್ಲಿ ಹೇಗೆ ಕೂರಿಸುತ್ತೇನೆ ಅಂತ ಹೇಳುತ್ತೇನೆ.

ಮೊದಲು ಯಂತ್ರದ ಮಾತು. ಮಾತಾಡುವ ರೆಕಾರ್ಡರನ್ನೇ ತಗೊಳ್ಳಿ. ಜೂಮ್ ಕಂಪನಿಯ ಎಚ್4 ಎಸೆನ್ಷಿಯಲ್, ಎಚ್6 ಎಸೆನ್ಷಿಯಲ್ ಎರಡರಲ್ಲೂ ಮೆನು ಓದಿ ಹೇಳುವ ದನಿ ಇದೆ. ಕನ್ನಡ ಇಲ್ಲ, ಇಂಗ್ಲಿಷ್ ಸಾಕಾಗುತ್ತದೆ. ಇನ್ನೊಂದು ಲಾಭ ಇದೆ, ನಮಗೆ ಅದೇ ದೊಡ್ಡದು. ಇವು ತೀರ ಮೆಲು, ತೀರ ಜೋರು ದನಿ ಎರಡನ್ನೂ ಹಿಡಿಯುವ 32 ಬಿಟ್ ಫ್ಲೋಟ್‌ನಲ್ಲಿ ರೆಕಾರ್ಡ್ ಮಾಡುತ್ತವೆ, ಹಾಗಾಗಿ ಮೀಟರ್ ನೋಡಿಕೊಂಡು ಗೇನ್ (ದನಿ ಹಿಡಿಯುವ ಮಟ್ಟ) ಹೊಂದಿಸುವ ಕೆಲಸವೇ ಇಲ್ಲ. ಮೊದಲೆಲ್ಲಾ ಪಕ್ಕದ ಮನೆಯ ಹುಡುಗನನ್ನು ಕರೆದು "ಕೆಂಪು ಲೈಟ್ ಹತ್ತಿತೇನೋ ನೋಡು" ಅಂತ ಕೂರಿಸಿಕೊಳ್ಳಬೇಕಿತ್ತು. ಆದರೆ ಮೈಕ್ ಮೈಕೇ. ಡಗ್ಗಾದ (ತಬಲಾ ಜೋಡಿಯ ಎಡಗೈ ವಾದ್ಯ) ಮೇಲೇ ತಂದಿಟ್ಟರೆ ದನಿ ಒಡೆಯುತ್ತದೆ, ಅದನ್ನು ಯಾವ ಬಿಟ್ಟೂ ಸರಿಮಾಡಲ್ಲ. 48 ಕಿಲೋಹರ್ಟ್ಸ್ ಸ್ಟೀರಿಯೋದಲ್ಲಿ ನಿಮಿಷಕ್ಕೆ ಸುಮಾರು 23 ಎಂಬಿ ಬೇಕು, ಕಾರ್ಡ್ ದೊಡ್ಡದೇ ಹಾಕಿ. ಹಾಕಿದ ಮೇಲೆ ತೆಗೆಯಬೇಡಿ. ಉಗುರಿನಷ್ಟಿರುವ ಆ ಕಾರ್ಡ್ ಚಾಪೆ ಮೇಲೆ ಬಿದ್ದರೆ ಅರ್ಧ ದಿನ ಹೋಯಿತು ಅಂತಲೇ ಲೆಕ್ಕ. ಫೈಲ್‌ಗಳನ್ನು ಯುಎಸ್‌ಬಿ ಕೇಬಲ್‌ನಿಂದಲೇ ತೆಗೆದುಕೊಳ್ಳಿ.

ಹೊರಗಿನ ಮೈಕ್ ಹಾಕುವವರು ಕೇಬಲ್‌ಗಳ ಎರಡೂ ತುದಿಗೆ ದಾರ ಕಟ್ಟಿ. ಒಂದು ಗಂಟು ಅಂದರೆ ಇನ್‌ಪುಟ್ 1, ಎರಡು ಗಂಟು ಅಂದರೆ 2. ಗೋಡೆಗೆ ಒಂದೆರಡು ಕೌದಿ ಇಳಿಬಿಡಿ, ಕೋಣೆಯ ಗುಂಯ್ ಅನ್ನುವುದು ಎಷ್ಟೋ ಇಳಿಯುತ್ತದೆ. ಫ್ಯಾನ್ ಬಂದ್ ಮಾಡಿ. ಚಾರ್ಜರ್ ಹಚ್ಚಿ ರೆಕಾರ್ಡ್ ಮಾಡಿದರೆ ಒಮ್ಮೊಮ್ಮೆ ಕರೆಂಟಿನ ಹಮ್ ಅನ್ನುವ ದನಿ ಸೇರುತ್ತದೆ, ಬ್ಯಾಟರಿಯೇ ವಾಸಿ. ಧಾರವಾಡದ ಮಳೆಗಾಲದಲ್ಲಿ ಹಂಚಿನ ಮನೆಯಲ್ಲಿ ರೆಕಾರ್ಡಿಂಗ್ ಅಂದರೆ ಮಳೆಯದೇ ಒಂದು ಟ್ರ್ಯಾಕ್ ಬಿಟ್ಟಿ.

ಈಗ ಕ್ರಮ. ಟಿಕ್ ಟಿಕ್ ಅಂತ ಲಯ ಕೊಡುವ ಮೆಟ್ರೋನೋಮ್ ಹಾಕಿ ಮೊದಲು ತಬಲಾ ಬಾರಿಸು ಅಂತ ಹಲವರು ಹೇಳುತ್ತಾರೆ. ನನಗೆ ಅದು ಹಿಡಿಸಲ್ಲ. ನಮ್ಮಲ್ಲಿ ತಬಲಾ ಹಾಡಿನ ಹಿಂದೆ ಹೋಗುತ್ತದೆ, ವಚನ ಹಾಡುವಾಗ ಒಂದು ಮಾತಿನ ಮೇಲೆ ಸ್ವಲ್ಪ ನಿಲ್ಲಬೇಕು ಅನಿಸಿದರೆ ನಿಲ್ಲಬೇಕು, ಅಲ್ವಾ? ಅದಕ್ಕೇ ಮೊದಲು ಒಂದು ಕಚ್ಚಾ ಹಾಡು. ಕಿವಿಯಲ್ಲಿ ತಂಬೂರಿ ಆ್ಯಪ್ ಇರಲಿ, ಬಾಯಲ್ಲಿ ಹಾಡು, ತೊಡೆ ಮೇಲೆ ಮೆತ್ತಗೆ ತಾಳ. ಆಮೇಲೆ ಇದನ್ನು ಕೇಳುತ್ತಾ ತಬಲಾ, ಅವೆರಡನ್ನೂ ಕೇಳುತ್ತಾ ಹಾರ್ಮೋನಿಯಂ. ಕೊನೆಗೆ ನಿಜವಾದ ಹಾಡು, ಕಚ್ಚಾ ಹಾಡನ್ನು ಎಸೆಯಿರಿ. ಒಂದು ಎಚ್ಚರ: ಶ್ರುತಿಯನ್ನು ಹಾರ್ಮೋನಿಯಂನಿಂದ ಹಿಡಿಯಿರಿ. ಹಳೇ ಪೆಟ್ಟಿಗೆಯ ಕಾಳಿ ಒಂದು (ಮೊದಲ ಕಪ್ಪು ಕೀಲಿಯ ಶ್ರುತಿ) ಆ್ಯಪ್‌ನ ಕಾಳಿ ಒಂದಕ್ಕೆ ಕೂಡುವುದು ಅಪರೂಪ. ಆ್ಯಪ್‌ನ ಶ್ರುತಿ ಜಗ್ಗಬಹುದು, ಪೆಟ್ಟಿಗೆಯದು ಆಗಲ್ಲ.

ಹಳೆಯ ಟ್ರ್ಯಾಕನ್ನು ನಾನು ಫೋನ್‌ನಲ್ಲಿ ಹಾಕಿ ಕೇಳುತ್ತೇನೆ, ಹೊಸದನ್ನು ರೆಕಾರ್ಡರ್‌ನಲ್ಲಿ ಹಿಡಿಯುತ್ತೇನೆ. ಇಯರ್‌ಫೋನ್ ವೈರಿಂದೇ ಆಗಬೇಕು. ಒಮ್ಮೆ ಬ್ಲೂಟೂತ್ ಹಾಕಿಕೊಂಡು ಇಡೀ ಸಂಜೆ ತಬಲಾ ಬಾರಿಸಿದೆ, ಆಮೇಲೆ ಕೇಳಿದರೆ ಸಮ್ (ತಾಳದ ಮೊದಲ ಪೆಟ್ಟು) ಎಲ್ಲಾ ತಡವಾಗಿ ಬಿದ್ದಿತ್ತು. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಇಲ್ಲದಿದ್ದರೆ ಅಂತರೆಯ (ಹಾಡಿನ ಎರಡನೇ ಭಾಗದ) ನಡುವೆ ಫೋನಿನ ಪರದೆ ಓದಿ ಹೇಳುವ ಟಾಕ್‌ಬ್ಯಾಕ್ ಯಾರದೋ ಮೆಸೇಜ್ ಓದಲು ಶುರುಮಾಡುತ್ತದೆ, ಹಾಡು ತಗ್ಗುತ್ತದೆ, ನಿಮ್ಮ ಕೈ ತಪ್ಪುತ್ತದೆ.

ಟ್ರ್ಯಾಕ್‌ಗಳನ್ನು ಕೂಡಿಸುವುದೇ ಇದರಲ್ಲಿ ಕಷ್ಟದ ಭಾಗ, ಅದಕ್ಕೊಂದು ಉಪಾಯ ಇದೆ. ಕಚ್ಚಾ ಹಾಡು ಶುರುವಾಗುವ ಮುಂಚೆ ಬಾಯಲ್ಲಿ ಹೆಸರು ಹೇಳಿ, "ಹಾಡು, ಒಂದನೇ ಸಲ". ಮೂರು ಸೆಕೆಂಡ್ ಸುಮ್ನೆ ಇರಿ. ಭಜನೆಯ ತಾಳವನ್ನು ಒಂದೇ ಸಲ ಟಣ್ ಅನ್ನಿಸಿ. ಹತ್ತು ಸೆಕೆಂಡ್ ಬಿಟ್ಟು ಹಾಡಿ. ಮುಂದೆ ತಬಲಾ ಹಿಡಿಯುವಾಗ ಮೊದಲು ರೆಕಾರ್ಡರ್ ಶುರುಮಾಡಿ, ಅದಕ್ಕೂ ಹೆಸರು ಹೇಳಿ. ಫೋನ್ ವಾಲ್ಯೂಮ್ ಏರಿಸಿ, ಇಯರ್‌ಫೋನನ್ನು ಮೈಕಿಗೆ ತಾಗಿಸಿ ಹಿಡಿದುಕೊಂಡು ಹಾಡು ಪ್ಲೇ ಮಾಡಿ. ಹಳೆಯ ಟಣ್ ಹೊಸ ಟ್ರ್ಯಾಕ್‌ನೊಳಗೆ ತಾನೇ ಹೋಗಿ ಕೂರುತ್ತದೆ. ಉಳಿದ ಹತ್ತು ಸೆಕೆಂಡಿನಲ್ಲಿ ವಾಲ್ಯೂಮ್ ಇಳಿಸಿ ಕಿವಿಗೆ ಹಾಕಿಕೊಳ್ಳಿ. ಎರಡು ಯಂತ್ರಗಳ ಗಡಿಯಾರ ಪೂರಾ ಒಂದೇ ಇರಲ್ಲ, ಆದರೆ ಐದು ನಿಮಿಷದ ಹಾಡಿನಲ್ಲಿ ಅದು ಕಿವಿಗೆ ಗೊತ್ತಾಗುವುದಿಲ್ಲ.

ಮೈಕಿನ ದೂರವನ್ನು ಗೇಣಿನಲ್ಲಿ ಅಳೆಯಿರಿ. ಹಾಡಿಗೆ ಬಾಯಿಂದ ಒಂದು ಗೇಣು, ನೇರ ಎದುರಿಗಲ್ಲ, ಸ್ವಲ್ಪ ಓರೆಗೆ. ತಬಲಾಕ್ಕೆ ಎರಡು ಗೇಣು ಮೇಲೆ, ಎರಡರ ನಡುವೆ. ಹಾರ್ಮೋನಿಯಂಗೂ ಎರಡು ಗೇಣು, ಆದರೆ ಕೀಲಿಗಳ ಕಡೆಯಿಂದ. ಗಾಳಿ ಹಾಕುವ ಭಾತೆಯ ಕಡೆ ಇಟ್ಟರೆ ಪೆಟ್ಟಿಗೆ ಉಸಿರಾಡುವುದೇ ಜಾಸ್ತಿ ಕೇಳಿಸುತ್ತದೆ.

ಕೂಡಿಸಲು ಕಂಪ್ಯೂಟರ್‌ನಲ್ಲಿ ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್ ಬಳಸುತ್ತೇನೆ, ಜೊತೆಗೆ ಪರದೆ ಓದಿ ಹೇಳುವ ಎನ್‌ವಿಡಿಎ ಮತ್ತು ರೀಪರನ್ನು ಅದರಿಂದ ಓದಿಸುವ ಓಸಾರಾ. ಕೊನೆಯ ಎರಡೂ ಪುಕ್ಕಟೆ. ರೀಪರ್‌ಗೆ 60 ದಿನ ಟ್ರಯಲ್ ಇದೆ. ಒಂದೊಂದು ಟ್ರ್ಯಾಕ್‌ಗೆ ಒಂದೊಂದು ಫೈಲ್ ತನ್ನಿ, ಟ್ಯಾಬ್ ಒತ್ತುತ್ತಾ ಟಣ್ ಹತ್ತಿರ ಹೋಗಿ. ಮೊದಲು ನಿಮ್ಮ ಮಾತಿನ ಮೇಲೆ ನಿಲ್ಲುತ್ತದೆ, ಪ್ರತಿ ಸಲ ಸ್ಪೇಸ್ ಒತ್ತಿ ಕೇಳಿ. ಸಿಕ್ಕಿದ ಮೇಲೆ ಎಸ್ ಒತ್ತಿ ಕತ್ತರಿಸಿ, ಹಿಂದಿನ ಚೂರು ಅಳಿಸಿ, ಉಳಿದದ್ದನ್ನು ಕಟ್ ಮಾಡಿ ಶುರುವಿಗೆ ತಂದು ಪೇಸ್ಟ್ ಮಾಡಿ. ಎಲ್ಲಾ ಟ್ರ್ಯಾಕೂ ಅದೇ ಟಣ್‌ನಿಂದ ಶುರುವಾದರೆ ತಾಳ ತಾನೇ ಕೂಡುತ್ತದೆ. ಟಣ್ ಮತ್ತು ಆ ಹತ್ತು ಸೆಕೆಂಡನ್ನು ಎಲ್ಲಾ ಮುಗಿದ ಮೇಲೆ ಒಟ್ಟಿಗೆ ಕತ್ತರಿಸಿ, ಮುಂಚೆ ಬೇಡ.

ಮಿಕ್ಸ್ ಆದಮೇಲೆ ಫೋನಿನ ಸ್ಪೀಕರ್‌ನಲ್ಲೂ ಒಮ್ಮೆ ಕೇಳಿ. ಹೆಡ್‌ಫೋನ್‌ನಲ್ಲಿ ತುಂಬಿ ಕೇಳುವ ಡಗ್ಗಾ ಅಲ್ಲಿ ಮಾಯವಾಗಿ, ಬರೀ ತಬಲಾದ ಟಕಟಕ ಉಳಿದಿರುತ್ತದೆ. ಹಾಗಿದ್ದರೆ ತಬಲಾ ಒಂದೆರಡು ಡೆಸಿಬೆಲ್ ಇಳಿಸಿ, ಹಾಡು ಮುಂದೆ ಬರಲಿ. ನಮ್ಮ ಬೀಗರೆಲ್ಲಾ ಕೇಳುವುದು ವಾಟ್ಸಾಪ್‌ನಲ್ಲೇ.