ಸಾಕ್ಷಿಯ ಮಾತು ನಂಬುವಂಥದ್ದಲ್ಲ ಅಂತ ಅಪೀಲು ಹಾಕುವುದು ಹೇಗೆ?

ಶಿಕ್ಷೆಯಾಯಿತು ಅಂತ ತಲೆ ಮೇಲೆ ಕೈ ಹೊತ್ತು ಕೂರಬೇಡಿ, ಅವಧಿ ಓಡುತ್ತಿರುತ್ತದೆ. ಮ್ಯಾಜಿಸ್ಟ್ರೇಟ್ ಶಿಕ್ಷೆ ಕೊಟ್ಟಿದ್ದರೆ 30 ದಿನದೊಳಗೆ ಸೆಷನ್ಸ್ ಕೋರ್ಟಿಗೆ, ಸೆಷನ್ಸ್ ಕೋರ್ಟೇ ಕೊಟ್ಟಿದ್ದರೆ 60 ದಿನದೊಳಗೆ ಹೈಕೋರ್ಟಿಗೆ ಹೋಗಬೇಕು (ಮರಣದಂಡನೆಯಾದರೆ ಅಲ್ಲೂ 30 ದಿನವೇ). ಬೆಳಗಾವಿ, ಬಾಗಲಕೋಟೆಯವರಿಗೆ ಧಾರವಾಡ ಪೀಠ, ವಿಜಯಪುರದವರಿಗೆ ಕಲಬುರಗಿ ಪೀಠ. ಬೆಂಗಳೂರಿಗೆ ಓಡಬೇಕಿಲ್ಲ. ಜೈಲು ಶಿಕ್ಷೆಯಾದವರಿಗೆ ತೀರ್ಪಿನ ನಕಲು ಪುಕ್ಕಟೆ ಸಿಗಬೇಕು, ಕೇಳಿ ಪಡೆಯಿರಿ.

ಅಪೀಲು ಅಂದರೆ ಹೊಸ ವಿಚಾರಣೆ ಅಲ್ಲ. ಸಾಕ್ಷಿಯನ್ನು ಮತ್ತೆ ಕಟಕಟೆಗೆ ಕರೆಸುವುದು ತೀರಾ ಅಪರೂಪ. ಹಾಗಾಗಿ ಎರಡು ಕಾಗದ ಪಕ್ಕಪಕ್ಕ ಇಟ್ಟುಕೊಂಡು ಓದಿ: ಸಾಕ್ಷಿ ಪೊಲೀಸರ ಮುಂದೆ ಹೇಳಿದ್ದು, ಕೋರ್ಟಿನಲ್ಲಿ ಹೇಳಿದ್ದು. ಮುಧೋಳದ ಕಡೆ ಒಂದು ಕೇಸು ಅಂದುಕೊಳ್ಳಿ, ರಾತ್ರಿ ತ್ರೀಫೇಸ್ ಕರೆಂಟ್ ಬಂದಾಗ ಕಬ್ಬಿಗೆ ನೀರು ಹಾಯಿಸಲು ಹೋದವನು ಹೊಡೆದಾಟ ನೋಡಿದೆ ಅನ್ನುತ್ತಾನೆ, ಪೊಲೀಸರ ಮುಂದೆ ಬೆಳಕಿನ ಸುದ್ದಿಯೇ ಇಲ್ಲ, ಕೋರ್ಟಿಗೆ ಬಂದಾಗ ಮಾತ್ರ ಪಂಪ್‌ಸೆಟ್ ಮನೆಯ ಬಲ್ಬ್ ಉರಿಯುತ್ತಿತ್ತು! ಇಂಥ ಜಾಗ ಹಿಡಿಯಿರಿ. ಮುಖ್ಯ ಸಂಗತಿಯನ್ನು ಮೊದಲು ಹೇಳದೆ ಬಿಡುವುದೂ ವಿರೋಧಾಭಾಸವಾಗಬಹುದು. ಆರೋಪಿ ಸಾಕ್ಷಿಗೆ ಅಪರಿಚಿತ, ಗುರುತು ಪತ್ತೆ ಪರೇಡ್ (ಹಲವರ ನಡುವೆ ನಿಲ್ಲಿಸಿ ಗುರುತಿಸುವಂತೆ ಹೇಳುವುದು) ಇಲ್ಲದೆ ಸಾಕ್ಷಿ ಅವನನ್ನು ನೇರ ಕೋರ್ಟಿನಲ್ಲೇ ತೋರಿಸಿದ ಅಂದರೆ ಅದೂ ದೊಡ್ಡ ಅಂಶ.

ಆದರೆ ಪೊಲೀಸರ ಮುಂದಿನ ಹೇಳಿಕೆ ತಾನಾಗಿಯೇ ಪುರಾವೆ ಅಲ್ಲ. ಪಾಟೀ ಸವಾಲಿನಲ್ಲಿ (ನಿಮ್ಮ ವಕೀಲರು ಸಾಕ್ಷಿಯನ್ನು ಪ್ರಶ್ನಿಸುವಾಗ) ಆ ಸಾಲನ್ನು ಸಾಕ್ಷಿಯ ಮುಂದಿಟ್ಟಿರಬೇಕು, ಅವನು ಒಪ್ಪದಿದ್ದರೆ ತನಿಖಾಧಿಕಾರಿಯ ಬಾಯಿಂದ ಸಾಬೀತು ಮಾಡಿಸಿರಬೇಕು. ಕೆಳಗಿನ ಕೋರ್ಟಿನಲ್ಲಿ ಇದನ್ನು ಬಿಟ್ಟಿದ್ದರೆ ಮೇಲೆ ಕಷ್ಟ, ವಕೀಲರನ್ನು ಮೊದಲು ಇದನ್ನೇ ಕೇಳಿ.

ಸಾಕ್ಷಿ ಫಿರ್ಯಾದಿಯ ಕಾಕಾನ ಮಗ ಅಂತ ಸುಮ್ನೆ ಪುಟ ತುಂಬಿಸಬೇಡಿ. ಸಂಬಂಧಿ ಅನ್ನುವ ಒಂದೇ ಕಾರಣಕ್ಕೆ ಕೋರ್ಟು ಸಾಕ್ಷ್ಯ ತಳ್ಳಿಹಾಕುವುದಿಲ್ಲ. ಒಬ್ಬನೇ ಸಾಕ್ಷಿ ಇದ್ದರೂ ಅವನು ಪೂರ್ತಿ ನಂಬಿಕಸ್ಥ ಅನಿಸಿದರೆ ಶಿಕ್ಷೆ ಹಾಗೆಯೇ ಉಳಿಯುತ್ತದೆ. ಸಮಯ ಹತ್ತು ನಿಮಿಷ ಹೆಚ್ಚುಕಮ್ಮಿ, ಅಂಗಿಯ ಬಣ್ಣ ಬೇರೆ, ಇವಕ್ಕೂ ಜಾಸ್ತಿ ಬೆಲೆ ಇಲ್ಲ.

ಅಪೀಲಿನ ಜೊತೆಗೇ ಬಿ.ಎನ್.ಎಸ್.ಎಸ್. (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 430ನೇ ಕಲಂ ಕೆಳಗೆ ಶಿಕ್ಷೆ ಅಮಾನತು ಮತ್ತು ಜಾಮೀನಿಗೆ ಅರ್ಜಿ ಹಾಕಿಸಿ. ವಕೀಲರಿಗೆ ದುಡ್ಡಿಲ್ಲವೇ? ಬೆಳಗಾವಿಯ ಹಿಂಡಲಗಾ ಜೈಲಿರಲಿ, ವಿಜಯಪುರದ ಜೈಲಿರಲಿ, ಒಳಗಿರುವವರು ಜೈಲಿನ ಅಧಿಕಾರಿಯ ಮೂಲಕವೇ ಅಪೀಲು ಕಳಿಸಬಹುದು, ಆದಾಯ ಎಷ್ಟೇ ಇದ್ದರೂ ಅವರಿಗೆ ಉಚಿತ ವಕೀಲರು ಸಿಗುತ್ತಾರೆ. ಮನೆಯವರು 15100ಕ್ಕೆ ಫೋನ್ ಮಾಡಿ ಕೇಳಬಹುದು.