ಮೂರು ಸಾವಿರದೊಳಗೆ ಮೊದಲ ಮೆಕ್ಯಾನಿಕಲ್ ಕೀಬೋರ್ಡ್: ಏನು ನೋಡಬೇಕು, ಏನು ಬಿಡಬೇಕು

ಮೆಕ್ಯಾನಿಕಲ್ ಕೀಬೋರ್ಡ್ ಅಂದರೆ ಪ್ರತಿ ಕೀಯ ಕೆಳಗೂ ರಬ್ಬರಿನ ಬದಲು ತನ್ನದೇ ಸ್ಪ್ರಿಂಗ್ ಸ್ವಿಚ್ ಇರುವುದು. ಎರಡು ಮೂರು ಸಾವಿರ ರೂಪಾಯಿ ಇಟ್ಟುಕೊಂಡು ಮೆಕ್ಯಾನಿಕಲ್ ಕೀಬೋರ್ಡ್ ಹುಡುಕಲು ಕೂತರೆ ಮೊದಲು ಕಣ್ಣಿಗೆ ಬೀಳುವುದು ಲೈಟು. ಅದನ್ನು ಮರೆತುಬಿಡಿ. ಕಡಿಮೆ ದುಡ್ಡಿದ್ದಾಗ ಕೊಂಡ ಮೇಲೆ ಬದಲಾಯಿಸಲು ಆಗದೇ ಇರುವುದನ್ನು ಮೊದಲು ಸರಿಯಾಗಿ ಆರಿಸಬೇಕು. ಉಳಿದದ್ದಕ್ಕೆ ಆಮೇಲೆ ತಲೆ ಕೆಡಿಸಿಕೊಂಡರಾಯಿತು.

ಬದಲಾಯಿಸಲು ಆಗದ ಮೊದಲ ವಿಷಯ ಸೈಜು. ಫುಲ್ ಸೈಜ್ ಅಂದರೆ ಸಾಮಾನ್ಯವಾಗಿ 104 ಕೀ. ನಂಬರ್ ಪ್ಯಾಡ್ ತೆಗೆದರೆ 87, ಅದನ್ನೇ ಟಿಕೆಎಲ್ ಅನ್ನುವುದು. ಅದಕ್ಕೂ ಸಣ್ಣದಾದ, 60 ಪರ್ಸೆಂಟ್ ಅನ್ನುವ ಸೈಜಿನಲ್ಲಿ 61 ಕೀ ಮಾತ್ರ. ಅಗ್ಗದಲ್ಲಿ ಜಾಸ್ತಿ ಸಿಗುವುದು ಈ 61 ಕೀ ಬೋರ್ಡೇ, ನೋಡಲೂ ಮುದ್ದಾಗಿರುತ್ತದೆ, ಆದರೆ ಬಾಣದ ಕೀ ಇರುವುದಿಲ್ಲ, ಮೇಲಿನ ಎಫ್1, ಎಫ್2 ಸಾಲು ಇರುವುದಿಲ್ಲ, ಎಲ್ಲದಕ್ಕೂ ಎಫ್‌ಎನ್ ಕೀ ಹಿಡಿದುಕೊಂಡೇ ಒತ್ತಬೇಕು.

ಕನ್ನಡ ಟೈಪ್ ಮಾಡುವವರು ಇಲ್ಲಿ ಇನ್ನೂ ಒಂದು ವಿಷಯ ನೋಡಬೇಕು. ವಿಂಡೋಸ್‌ನಲ್ಲೂ ಸಿಗುವ ಇನ್‌ಸ್ಕ್ರಿಪ್ಟ್ ಎಂಬ ಕನ್ನಡ ಕೀ ಜೋಡಣೆಯಲ್ಲಿ (ಲೇಔಟ್) ಒತ್ವ, ಅಂದರೆ 'ಕೊ', 'ಮೊ' ಬರೆಯುವಾಗ ಬರುವ ಗುರುತು, ಇರುವುದು 1ರ ಎಡಪಕ್ಕದ ಮೂಲೆ ಕೀಯಲ್ಲಿ. ಶಿಫ್ಟ್ ಹಿಡಿದು ಅದನ್ನೇ ಒತ್ತಿದರೆ 'ಒ'. 60 ಪರ್ಸೆಂಟ್ ಬೋರ್ಡಿನಲ್ಲಿ ಆ ಜಾಗದಲ್ಲಿ ಎಸ್ಕೇಪ್ ಕೂತಿರುತ್ತದೆ. 'ಕೊಡು', 'ಕೊನೆ', 'ಮೊದಲು' ಅಂತ ಬರೆದಾಗಲೆಲ್ಲ ಎಫ್‌ಎನ್ ಹುಡುಕುತ್ತಾ ಕೂರಲು ಆಗುತ್ತದಾ? ನುಡಿ ಲೇಔಟ್‌ನವರಿಗೆ ಈ ತೊಂದರೆ ಇಲ್ಲ, ಒತ್ತಕ್ಷರಕ್ಕೆ ಬೇಕಾದ ಎಫ್ ಅಕ್ಷರದ ಕೀ ನಡುಸಾಲಿನಲ್ಲೇ ಇದೆ. ಆದರೂ ಬರವಣಿಗೆಯೇ ಮುಖ್ಯ ಕೆಲಸ ಆಗಿದ್ದರೆ ನನ್ನ ಮತ 87 ಕೀಗೆ, ಅದು ಸಿಗದಿದ್ದರೆ ಅದಕ್ಕಿಂತ ಚೂರು ಸಣ್ಣದಾದರೂ ಬಾಣದ ಕೀ ಇರುವ 75 ಪರ್ಸೆಂಟ್ ಸೈಜಿಗೆ. ಟ್ಯಾಲಿ, ಎಕ್ಸೆಲ್‌ನಲ್ಲಿ ದಿನವಿಡೀ ಲೆಕ್ಕ ಹೊಡೆಯುವವರು ಸುಮ್ನೆ ಫುಲ್ ಸೈಜ್ ತಗೊಳ್ಳಿ.

ಎರಡನೆಯದು ಹಾಟ್‌ಸ್ವಾಪ್. ಇದ್ದರೆ ಸ್ವಿಚ್ಚನ್ನು ಚಿಮಟದಂಥ ಪುಲ್ಲರ್‌ನಿಂದ ಕಿತ್ತು ಬೇರೆಯದನ್ನು ಕೂರಿಸಬಹುದು, ಬೆಸುಗೆ ಹಾಕಬೇಕಿಲ್ಲ. ಮೊದಲ ಬೋರ್ಡಿಗೆ ಇದು ಇರಲೇಬೇಕು ಅನ್ನುತ್ತೇನೆ, ಯಾಕೆಂದರೆ ಯಾವ ಸ್ವಿಚ್ ನಿಮಗೆ ಹಿಡಿಸುತ್ತದೆ ಅಂತ ನಿಮಗೇ ಇನ್ನೂ ಗೊತ್ತಿಲ್ಲ, ಅಲ್ವಾ? ಒಂದು ಸ್ವಿಚ್ ಕೆಟ್ಟರೂ ಅದೊಂದನ್ನೇ ಬದಲಾಯಿಸಿದರೆ ಸಾಕು. ಒಂದು ಎಚ್ಚರಿಕೆ: ಕೆಲವು ಅಗ್ಗದ ಬೋರ್ಡುಗಳ ಸಾಕೆಟ್ ತೂತು ಸಣ್ಣದು, ಔಟೆಮು ಕಂಪನಿಯ ಸ್ವಿಚ್ಚಿನ ತೆಳು ಪಿನ್ ಮಾತ್ರ ಇಳಿಯುತ್ತದೆ. ಕೊಳ್ಳುವ ಮೊದಲು ಕೇಳಿ. 3 ಪಿನ್ ಬೋರ್ಡಿಗೆ 5 ಪಿನ್ ಸ್ವಿಚ್ ತಂದುಬಿಟ್ಟರೆ ಗಾಬರಿ ಬೇಡ, ಜಾಸ್ತಿ ಇರುವ ಎರಡು ಪ್ಲಾಸ್ಟಿಕ್ ಕಾಲನ್ನು ಉಗುರು ಕಟರ್‌ನಲ್ಲಿ ಕತ್ತರಿಸಿದರೆ ಕೂರುತ್ತದೆ.

ಈಗ ಸ್ವಿಚ್. ಇವನ್ನು ಬಣ್ಣದಿಂದ ಗುರುತಿಸುತ್ತಾರೆ. ಕೆಂಪು ತಡೆಯಿಲ್ಲದೆ ನೇರವಾಗಿ ಇಳಿಯುತ್ತದೆ. ಕಂದು ಇಳಿಯುವಾಗ ಮಧ್ಯೆ ಬೆರಳಿಗೆ ಸಣ್ಣ ಉಬ್ಬು ಸಿಗುತ್ತದೆ. ನೀಲಿಗೆ ಉಬ್ಬಿನ ಜೊತೆ ಟಿಕ್ ಶಬ್ದವೂ ಇದೆ. ನೀಲಿ ಹೇಗಿರುತ್ತದೆ ಅಂತ ಗೊತ್ತಾಗಬೇಕಾದರೆ ಡಿಟಿಪಿ ಅಂಗಡಿಯ ಟಿವಿಎಸ್ ಗೋಲ್ಡ್ ಕೀಬೋರ್ಡ್ ನೆನಪಿಸಿಕೊಳ್ಳಿ, ಹಳೆಯ ಗೋಲ್ಡ್‌ಗಳಲ್ಲಿ ಇದ್ದದ್ದು ಚೆರ್ರಿ ಎಂಬ ಕಂಪನಿಯ ನೀಲಿ ಸ್ವಿಚ್ಚೇ. ಕೈಗೆ ಮಜಾ ಕೊಡುತ್ತದೆ, ಆದರೆ ಪಿಜಿ ರೂಮಿನಲ್ಲಿ ರಾತ್ರಿ ಹನ್ನೊಂದಕ್ಕೆ ನೀಲಿಯಲ್ಲಿ ಟೈಪ್ ಮಾಡಿದರೆ ಪಕ್ಕದ ಮಂಚದವರು ಬಿಡುವುದಿಲ್ಲ. ಹಂಚಿಕೊಂಡ ರೂಮಾದರೆ ಕೆಂಪು ಅಥವಾ ಕಂದು. ಚೆರ್ರಿ ಹೆಸರಿಗಾಗಿ ಜಾಸ್ತಿ ದುಡ್ಡು ಕೊಡಬೇಕಿಲ್ಲ. ಅದರ ಪೇಟೆಂಟ್ ಮುಗಿದ ಮೇಲೆ ಗೇಟೆರಾನ್, ಕೈಲ್, ಔಟೆಮು ಕಂಪನಿಗಳು ಅದೇ ವಿನ್ಯಾಸದಲ್ಲಿ ಮಾಡುತ್ತಿವೆ, ಕೆಲಸಕ್ಕೆ ಧಾರಾಳ ಸಾಕು.

'ಮೆಕ್ಯಾನಿಕಲ್ ಫೀಲ್', 'ಸೆಮಿ ಮೆಕ್ಯಾನಿಕಲ್' ಅಂತ ಬರೆದದ್ದನ್ನು ಮುಟ್ಟಬೇಡಿ, ಒಳಗಿರುವುದು ರಬ್ಬರೇ. ಅನುಮಾನ ಬಂದರೆ ನೋಟ್‌ಪ್ಯಾಡ್ ತೆರೆದು ಒಂದು ಕೀಯನ್ನು ನಿಧಾನಕ್ಕೆ, ತೀರಾ ನಿಧಾನಕ್ಕೆ ಒತ್ತಿ. ಮೆಕ್ಯಾನಿಕಲ್ ಆದರೆ ಕೀ ತಳ ಮುಟ್ಟುವ ಮೊದಲೇ ಅಕ್ಷರ ಮೂಡುತ್ತದೆ. ಸಾಮಾನ್ಯವಾಗಿ 4 ಮಿಲಿಮೀಟರ್ ಇಳಿತದಲ್ಲಿ 2ರ ಹತ್ತಿರ. ರಬ್ಬರ್‌ನದು ತಳಕ್ಕೆ ಬಡಿದರೇ ಮೂಡುವುದು.

ಬೆಂಗಳೂರಿನಲ್ಲಿದ್ದರೆ ಕಂಪ್ಯೂಟರ್ ಅಂಗಡಿಗಳಿರುವ ಎಸ್‌ಪಿ ರೋಡಿಗೆ ಹೋಗಿ ಕೈಯಾರೆ ಒತ್ತಿ ನೋಡಿ. ಸ್ಪೇಸ್ ಬಾರನ್ನು ನಡುವೆ ಅಲ್ಲ, ಎರಡೂ ತುದಿಯಲ್ಲಿ ತಟ್ಟಿ. ಗಲಗಲ ಅಂದರೆ ಒಳಗಿನ ಸ್ಟೆಬಿಲೈಸರ್ ತಂತಿ, ಅಂದರೆ ಉದ್ದದ ಕೀಯನ್ನು ವಾಲದಂತೆ ಹಿಡಿಯುವ ತಂತಿ, ಸಡಿಲ. ತಂತಿಗೆ ಚೂರು ಡೈಎಲೆಕ್ಟ್ರಿಕ್ ಗ್ರೀಸ್ ಸವರಿದರೆ ಬಹಳಷ್ಟು ಕಡಿಮೆಯಾಗುತ್ತದೆ, ಆದ್ದರಿಂದ ಇದೊಂದೇ ಕಾರಣಕ್ಕೆ ಒಳ್ಳೆ ಬೋರ್ಡು ಬಿಡಬೇಡಿ. ಕೀಯ ಮೇಲಿನ ಟೊಪ್ಪಿಗೆ, ಅಂದರೆ ಕೀಕ್ಯಾಪ್, ಪಿಬಿಟಿ ಪ್ಲಾಸ್ಟಿಕ್ ಆದರೆ ಒಳ್ಳೆಯದು. ಎಬಿಎಸ್ ಪ್ಲಾಸ್ಟಿಕ್ ಬೇಗ ಸವೆದು ನುಣುಪಾಗಿ ಹೊಳೆಯುತ್ತದೆ, ನುಡಿಯಲ್ಲಿ ಬರೆಯುವವರಿಗಂತೂ ಆ ಎಫ್ ಕೀ ಮೊದಲು. ಬ್ಲೂಟೂತ್ ಬೇಡ, ವೈರಿನದೇ ಸಾಕು. ಬ್ಯಾಟರಿಗೆ ಹೋಗುವ ದುಡ್ಡು ಬೋರ್ಡಿಗೆ ಹೋಗಲಿ. ವೈರು ಬಿಚ್ಚಿ ಹಾಕುವ ಟೈಪ್-ಸಿ ಆಗಿದ್ದರೆ ಕೆಟ್ಟಾಗ ಅದೊಂದನ್ನೇ ಬದಲಾಯಿಸಬಹುದು.

ಬಿಲ್ಲು ತಪ್ಪದೆ ತಗೊಳ್ಳಿ. ಮನೆಗೆ ಬಂದ ದಿನವೇ, ವಾಪಸ್ ಕೊಡುವ ಗಡುವು ಮುಗಿಯುವ ಮೊದಲು, ಪ್ರತಿ ಕೀಯನ್ನೂ ಹತ್ತಾರು ಸಲ ಒತ್ತಿ, ಒಂದೇ ಸಲ ಒತ್ತಿದ್ದಕ್ಕೆ ಎರಡು ಅಕ್ಷರ ಬೀಳುತ್ತಿದೆಯಾ ನೋಡಿ. ಬಿದ್ದರೆ ಆ ಸ್ವಿಚ್ಚನ್ನು ಕಿತ್ತು ಪಕ್ಕದ ಕೀಯ ಸ್ವಿಚ್ಚಿನ ಜೊತೆ ಅದಲುಬದಲು ಮಾಡಿ. ತೊಂದರೆ ಸ್ವಿಚ್ಚಿನ ಜೊತೆಗೇ ಹೋದರೆ ಹೊಸ ಸ್ವಿಚ್ ಹಾಕಿದರೆ ಮುಗಿಯಿತು, ಅದೇ ಜಾಗದಲ್ಲಿ ಉಳಿದರೆ ಬೋರ್ಡನ್ನೇ ವಾಪಸ್ ಕೊಡಿ. ಸ್ವಿಚ್ ಕೂರಿಸುವಾಗ ಪಿನ್ ನೆಟ್ಟಗಿದೆಯಾ ನೋಡಿಕೊಂಡೇ ಒತ್ತಿ. ಹಾಕಿದ ಮೇಲೆ ಕೀ ಕೆಲಸ ಮಾಡದಿದ್ದರೆ ಹೆಚ್ಚಿನ ಸಲ ಪಿನ್ ಬಗ್ಗಿರುತ್ತದೆ ಅಷ್ಟೇ, ಹೊರಗೆ ತೆಗೆದು ಚಿಮಟದಲ್ಲಿ ನೆಟ್ಟಗೆ ಮಾಡಿ ಮತ್ತೆ ಕೂರಿಸಿ.