ಇಂಗ್ಲಿಷ್ ಪಿರಿಯಡ್‌ನಲ್ಲಿ ಮಾತಾಡುವವರು ಯಾರು? ಶಿಕ್ಷಕರು ತಮ್ಮ ಪಾಠವನ್ನು ತಾವೇ ಅಳೆಯುವ ಬಗೆ

ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಇಂಗ್ಲಿಷನ್ನು ದ್ವಿತೀಯ ಭಾಷೆಯಾಗಿ ಓದುವ ಹಳ್ಳಿ ಮಕ್ಕಳಿಗೆ ಆ ಭಾಷೆ ಕಿವಿಗೆ ಬೀಳುವುದೇ ದಿನಕ್ಕೊಂದು ಪಿರಿಯಡ್. ಆ ಹೊತ್ತಿನಲ್ಲಿ ಮೇಷ್ಟ್ರು ಏನು ಮಾಡುತ್ತಾರೋ ಅಷ್ಟೇ ಮಕ್ಕಳಿಗೆ ದಕ್ಕುವುದು. ಅದನ್ನು ಅಳೆಯಲು ಒಂದು ಮೊಬೈಲು, ಒಂದು ಹಾಳೆ ಸಾಕು.

ಗದ್ಯಪಾಠದ ದಿನ ಮೊಬೈಲ್‌ನಲ್ಲಿ ರೆಕಾರ್ಡಿಂಗ್ ಹಚ್ಚಿ ತರಗತಿಯ ನಡುವಿನ ಬೆಂಚಿನ ಮೇಲಿಡಿ. ನಿಮ್ಮ ಮೇಜಿನ ಮೇಲಿಟ್ಟರೆ ನಿಮ್ಮ ದನಿಯೊಂದೇ ಸಿಗುತ್ತದೆ. ಮನೆಯಲ್ಲಿ ಕೇಳುವಾಗ ಹಾಳೆಯಲ್ಲಿ ನಾಲ್ಕು ಕಾಲಂ ಎಳೆಯಿರಿ: ನನ್ನ ಇಂಗ್ಲಿಷ್, ನನ್ನ ಕನ್ನಡ, ಮಕ್ಕಳ ಒಂದು ಪದದ ಅಥವಾ ಒಕ್ಕೊರಲ ಉತ್ತರ, ಒಬ್ಬ ವಿದ್ಯಾರ್ಥಿಯ ಪೂರ್ಣ ವಾಕ್ಯ. 15 ಸೆಕೆಂಡಿಗೊಮ್ಮೆ, ಆ ಗಳಿಗೆಯಲ್ಲಿ ಕೇಳಿಸುತ್ತಿರುವುದಕ್ಕೆ ಒಂದು ಗೀಟು ಹಾಕಿ. ಯಾರೂ ಮಾತಾಡದಿದ್ದರೆ ಬಿಡಿ. 40 ನಿಮಿಷಕ್ಕೆ ಹೆಚ್ಚೆಂದರೆ 160 ಗೀಟು. ನಾಲ್ಕನೇ ಕಾಲಂ ಬಹುತೇಕ ಖಾಲಿ ಉಳಿದರೆ ಆಶ್ಚರ್ಯಪಡಬೇಡಿ.

ಎರಡನೇ ಕಾಲಂ ತುಂಬಿದ್ದರೆ ಕಾರಣ ಸಾಮಾನ್ಯವಾಗಿ ಒಂದೇ: ಸಾಲು ಓದುವುದು, ಅದರ ಕನ್ನಡ ಹೇಳುವುದು. ಕನ್ನಡ ಬಂದೇ ಬರುತ್ತದೆಂದು ಗೊತ್ತಾದ ಮೇಲೆ ಮಕ್ಕಳು ಇಂಗ್ಲಿಷ್ ಸಾಲಿಗೆ ಕಿವಿಯನ್ನೇ ಕೊಡುವುದಿಲ್ಲ. ಕಷ್ಟದ ಪದಕ್ಕೆ ಕನ್ನಡದಲ್ಲಿ ಅರ್ಥ ಹೇಳಿ, ತಪ್ಪಿಲ್ಲ. ಆದರೆ 'ಓಪನ್ ಯುವರ್ ಬುಕ್ಸ್', 'ಆಸ್ಕ್ ಯುವರ್ ಪಾರ್ಟ್‌ನರ್' ಥರದ ಹತ್ತು ಹನ್ನೆರಡು ಸೂಚನೆಗಳು ದಿನವೂ ಇಂಗ್ಲಿಷಿನಲ್ಲೇ, ಅದೇ ಮಾತಿನಲ್ಲಿ ಬರಲಿ.

ಮೂರನೆಯದು ತುಂಬಿದ್ದರೆ ತೊಡಕು ಪ್ರಶ್ನೆ ಕೇಳುವ ರೀತಿಯಲ್ಲಿದೆ. 'ಅರ್ಥ ಆಯ್ತಾ?' ಎಂದರೆ 'ಯೆಸ್ ಸಾರ್' ಎಂಬ ಕೂಗಷ್ಟೇ ಬರುತ್ತದೆ. ಮೊದಲು ಪ್ರಶ್ನೆ ಕೇಳಿ, ಕಾಯಿರಿ, ಆಮೇಲೆ ಹೆಸರು ಹಿಡಿದು ಕರೆಯಿರಿ. ಹೆಸರೇ ಮೊದಲು ಬಂದರೆ ಉಳಿದವರು ಯೋಚಿಸುವುದನ್ನು ಬಿಡುತ್ತಾರೆ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ವಿಜ್ಞಾನದ ತರಗತಿಗಳಲ್ಲಿ ಕಂಡಂತೆ ಶಿಕ್ಷಕರು ಪ್ರಶ್ನೆ ಕೇಳಿ ಕಾಯುವುದು ಸರಾಸರಿ 1 ಸೆಕೆಂಡ್. 3 ಸೆಕೆಂಡ್ ಕಾದಲ್ಲಿ ಉತ್ತರಗಳು ಉದ್ದವಾದವು. ಪರಭಾಷೆಯಲ್ಲಿ ವಾಕ್ಯ ಜೋಡಿಸಬೇಕಾದವರಿಗೆ 5 ಸೆಕೆಂಡ್ ಕೊಡಿ. ಆ ಮೌನ ನಿಮಗೆ ಬಲು ಉದ್ದ ಅನ್ನಿಸುತ್ತದೆ, ಮನಸ್ಸಿನಲ್ಲೇ ಎಣಿಸಿ.

ನಾಲ್ಕನೇ ಕಾಲಂ ತುಂಬಲು ಜೋಡಿ ಮಾತೇ ದಾರಿ. 50 ಮಕ್ಕಳಿದ್ದರೆ 2 ನಿಮಿಷದ ಜೋಡಿ ಮಾತಿನಲ್ಲಿ ಒಂದೇ ಹೊತ್ತಿಗೆ 25 ಮಂದಿ ಬಾಯಿ ಬಿಡುತ್ತಾರೆ. ವಾಕ್ಯದ ಮೊದಲರ್ಧ ಬೋರ್ಡಿನ ಮೇಲಿರಲಿ, ಇಲ್ಲದಿದ್ದರೆ ಹರಟೆ ಕನ್ನಡಕ್ಕೆ ಜಾರುತ್ತದೆ. ಗಲಾಟೆ ಆಗೇ ಆಗುತ್ತದೆ. ಹೆಡ್‌ಮಾಸ್ಟರಿಗೆ ಮೊದಲೇ ಹೇಳಿಟ್ಟಿರಿ. ಮಾತಿನ ನಡುವೆ ತಿದ್ದಬೇಡಿ, ಕಿವಿಗೆ ಬಿದ್ದ ತಪ್ಪು ಗುರುತು ಹಾಕಿಕೊಂಡು ಕೊನೆಗೆ ಎರಡನ್ನು ಬೋರ್ಡಿಗೆ ತನ್ನಿ.

ಇನ್ನು ಮೊದಲ ಕಾಲಂ. ಅಲ್ಲಿ ಗೀಟಿನ ಲೆಕ್ಕಕ್ಕಿಂತ ಗುಣಮಟ್ಟ ಮುಖ್ಯ. 'ವಾಶ್ಟ್' ಎನ್ನಬೇಕಾದಲ್ಲಿ ನೀವು 'ವಾಶೆಡ್' ಎಂದರೆ, 'ಐ ಹ್ಯಾವ್ ಟೂ ಬ್ರದರ್ಸ್' ಬದಲು 'ಐ ಯಾಮ್ ಹ್ಯಾವಿಂಗ್ ಟೂ ಬ್ರದರ್ಸ್' ಎಂದರೆ ಅದು ಮೂರು ವರ್ಷ ಎಲ್ಲರ ನಾಲಗೆಯಲ್ಲೂ ಉಳಿಯುತ್ತದೆ. ಪಾಠಕ್ಕೆ ಮುಂಚೆ ಅನುಮಾನದ 8 ಪದಗಳನ್ನು ದನಿಯಿರುವ ನಿಘಂಟಿನ ಆ್ಯಪ್‌ನಲ್ಲಿ ಕೇಳಿಸಿಕೊಳ್ಳಿ. ಬೆಂಗಳೂರಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಶಿಕ್ಷಕರಿಗಾಗಿಯೇ 30 ದಿನದ ತರಬೇತಿ ನಡೆಸುತ್ತ ಬಂದಿದೆ. ಅವಕಾಶ ಸಿಕ್ಕರೆ ಹೋಗಿ.

ನೋಟ್ಸ್ ಬರೆಸುವುದನ್ನು ಪೂರ್ತಿ ಬಿಡಿ ಅಂದರೆ ಯಾರೂ ಕೇಳುವುದಿಲ್ಲ, ಎಸ್‌ಎಸ್‌ಎಲ್‌ಸಿಯ 80 ಅಂಕದ ಲಿಖಿತ ಪರೀಕ್ಷೆ ಎದುರಿಗಿದೆ. ಕ್ರಮ ಬದಲಿಸಿ: ಮಕ್ಕಳು ಎರಡು ಸಾಲು ಸ್ವಂತ ಬರೆದ ಮೇಲಷ್ಟೇ ನೋಟ್ಸ್. ಪಠ್ಯದಲ್ಲಿಲ್ಲದ ಗದ್ಯಭಾಗ, ಚಿತ್ರ ವರ್ಣನೆ ಬಂದಾಗ ಉರು ಹೊಡೆದದ್ದು ಕೈ ಕೊಡುತ್ತದೆ. ದಿನಕ್ಕೆ 10 ಪುಸ್ತಕ ಮಾತ್ರ ತಿದ್ದಿ, ವಾರಕ್ಕೆ ಒಂದೇ ಬಗೆಯ ತಪ್ಪನ್ನು ಹಿಡಿಯಿರಿ. ಪುಟವೆಲ್ಲ ಕೆಂಪಾದರೆ ಯಾರೂ ತಿರುಗಿ ನೋಡುವುದಿಲ್ಲ.

6 ವಾರದ ಮೇಲೆ ಅದೇ ತರಗತಿಯಲ್ಲಿ, ಅಂಥದೇ ಗದ್ಯಪಾಠದ ದಿನ ಮತ್ತೆ ರೆಕಾರ್ಡ್ ಮಾಡಿ. ನಾಲ್ಕನೇ ಕಾಲಂ ಬೆಳೆದಿದ್ದರೂ ಬರೀ ಮುಂದಿನ ಬೆಂಚಿನ ನಾಲ್ಕು ದನಿಗಳೇ ಕೇಳುತ್ತಿದ್ದರೆ, ಮರುದಿನದಿಂದ ಪ್ರಶ್ನೆ ಹಿಂದಿನ ಸಾಲಿನಿಂದ ಶುರುವಾಗಲಿ.